ಅಂಕಿತವಿಲ್ಲದ ಸೀರೆ

ನೇಕಾರಿಕೆಯ ವಿಷಯವಾಗಿ ಈಚೆಗೆ ಕೂಡುವ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಬರುವದು. ಮೊಬೈಲು ಬಂದ ಬಳಿಕ ನೇಕಾರನು ದಲಾಲನ ಕೈಯೊಳಗಿಂದ ಬಿಡುಗಡೆ ಹೊಂದಿದನು. ಬನಹಟ್ಟಿಯ ಓಣಿಯಲ್ಲಿ ಕುಳಿತವನು ಬೆಂಗಳೂರು ಮುಂಬಯಿಗಳ ಗಿರಾಕಿಯೊಡನೆ ನೇರವಾಗಿ ಮಾತಾಡಬಲ್ಲನು. ಇನ್ನು ಮೇಲೆ ಅವನೇ ನೇಕಾರ, ಅವನೇ ವ್ಯಾಪಾರಿ, ಅವನ ಸೀರೆಯೇ ಒಂದು ಬ್ರ್ಯಾಂಡು ಎಂಬದೇ ಆ ಮಾತು. ಹೇಳುವವರು ಗಟ್ಟಿಯಾಗಿ ಹೇಳುವರು, ಕೇಳುವವರು ಚಪ್ಪಾಳೆ ತಟ್ಟುವರು. ಸಭೆ ಮುಗಿದ ಮೇಲೆ ಎಲ್ಲರೂ ಕೂಡಿ ನಿಂತು ಚಿತ್ರ ತೆಗೆಯಿಸಿಕೊಂಡು, ಅದನ್ನು ಅದೇ ಮೊಬೈಲಿನ ಮುಖಾಂತರ ಊರೆಲ್ಲ ಹಂಚುವರು. ಈ ಮಾತಿನಲ್ಲಿ ಸತ್ಯವೆಷ್ಟು, ಹುಸಿಯೆಷ್ಟು ಎಂಬದನ್ನು ತೂಗಿ ನೋಡುವ ಗೊಡವೆಗೆ ಮಾತ್ರ ಯಾರೂ ಹೋದಂತೆ ಕಾಣುವದಿಲ್ಲ.

ಸತ್ಯಾಂಶವು ಇದ್ದೇ ಇರುವದು. ಅದನ್ನು ಮೊದಲು ಒಪ್ಪಿಕೊಳ್ಳುವದು ನ್ಯಾಯ. 2016ರ ಸಪ್ಟಂಬರದಲ್ಲಿ ಜಿಯೋ ಕಂಪನಿಯು ತನ್ನ ಸೇವೆಯನ್ನು ಆರಂಭಿಸಿದಂದಿನಿಂದ ಅಂತರ್ಜಾಲದ ಧಾರಣೆಯು ಒಮ್ಮೆಲೆ ಇಳಿಯಿತು. ಅದೇ ವರ್ಷ ಯು.ಪಿ.ಐ. ಎಂಬ ಹಣಸಂದಾಯದ ಪದ್ಧತಿಯು ಬಳಕೆಗೆ ಬಂದಿತು. 2018ರ ಜನೇವರಿಯಲ್ಲಿ ವಾಟ್ಸ್ಯಾಪ್ ಸಂಸ್ಥೆಯು ಚಿಕ್ಕ ವ್ಯಾಪಾರಸ್ಥರಿಗಾಗಿಯೇ ಬೇರೊಂದು ಸಾಧನವನ್ನು ಹೊರಡಿಸಿತು. ಮರುವರ್ಷ ಅದರೊಳಗೆ ಮಾಲಿನ ಯಾದಿಯನ್ನು ಚಿತ್ರಸಮೇತವಾಗಿ ಇಡುವ ಅನುಕೂಲವೂ ಆಯಿತು. ಮೊದಲಾದರೆ ಸೀರೆಯ ಗಂಟನ್ನು ಹೊತ್ತೊಯ್ದು ವ್ಯಾಪಾರಿಯ ಗಾದಿಯ ಮುಂದೆ ಬಿಚ್ಚಬೇಕು, ಅವನು ಹೇಳಿದ ಧಾರಣೆಗೆ ತಲೆಯಲ್ಲಾಡಿಸಬೇಕು, ಉದರಿಯ ಹಣಕ್ಕಾಗಿ ತಿಂಗಳುಗಟ್ಟಲೆ ಎಡತಾಕಬೇಕು. ಈಗ ಕೊಳ್ಳುವವನು ಒಪ್ಪಿದನೆಂದರೆ ಹಣವು ಆ ಗಳಿಗೆಗೆ ಬಂದು ಬೀಳುವದು. 2020ರ ಮಾರ್ಚ 25ರಿಂದ ದೇಶವೆಲ್ಲ ಬಾಗಿಲಿಕ್ಕಿಕೊಂಡಾಗ ಮಗ್ಗಗಳು ನಿಂತವು, ನೇಯ್ದ ಸೀರೆಗಳು ಮನೆಮನೆಯಲ್ಲಿ ಒಟ್ಟಿಕೊಂಡವು, ಸಂತೆಯಿಲ್ಲ, ಜಾತ್ರೆಯಿಲ್ಲ, ಮದುವೆಯಿಲ್ಲ. ಅಂಥ ದುರ್ದಿನದಲ್ಲಿ ನಾಲ್ಕು ಸೀರೆಗಳನ್ನಾದರೂ ಮಾರಿಕೊಟ್ಟು ಕೆಲವರ ಒಲೆಯನ್ನು ಉರಿಸಿದ್ದು ಈ ಅಂಗೈಯಗಲದ ಯಂತ್ರವೇ. ಆದುದರಿಂದ ಮೊಬೈಲನ್ನು ಶಪಿಸುತ್ತ ಕೂಡುವ ಹಿರಿಯರ ಪಕ್ಷಕ್ಕೆ ಸೇರಲು ಯಾವ ಕಾರಣವೂ ಇಲ್ಲ. ವಿದ್ಯುತ್ ಮಗ್ಗವು ಬಂದಾಗಲೂ ಇದೇ ಶಾಪವನ್ನು ಹಾಕಿದ್ದರು. ಅವರ ಮಕ್ಕಳೇ ಅದನ್ನು ನಡೆಯಿಸಿ ಬದುಕಿದರು.

ಆದರೆ ಇದರಿಂದ ಸಿದ್ಧವಾದುದೇನು? ಹಣವು ಬೇಗ ಬರುವದೆಂದೂ ಚಿತ್ರವು ದೂರ ಹೋಗುವದೆಂದೂ ಸಿದ್ಧವಾಯಿತು. ನೇಕಾರನ ಹೆಸರು ದೂರ ಹೋಗುವದೆಂದು ಮಾತ್ರ ಸಿದ್ಧವಾಗಲಿಲ್ಲ. ಬ್ರ್ಯಾಂಡು ಎಂದರೆ ಹೆಸರೇ ಹೊರತು ಚಿತ್ರವಲ್ಲ. ಚಪ್ಪಾಳೆ ತಟ್ಟುವವರು ಮರೆತಿರುವ ಭೇದವು ಇದೇ.

ಒಂದು ಸೀರೆಯ ಪ್ರಯಾಣವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಮಂಗಳವಾರ ಪೇಟೆಯ ಒಂದು ಮನೆಯಲ್ಲಿ ಮಗ್ಗದಿಂದ ಇಳಿದ ಹಸಿರು ಒಡಲಿನ, ಕೆಂಪು ಸೆರಗಿನ ಸೀರೆಯನ್ನು ಮಾಲಕನು ಹೊರಸಿನ ಮೇಲೆ ಹರವಿ ಚಿತ್ರ ತೆಗೆಯುವನು. ಚಿತ್ರವು ಮೊದಲು ಗುರುತಿನ ವ್ಯಾಪಾರಿಗೆ ಹೋಗುವದು. ವ್ಯಾಪಾರಿಯು ಅದನ್ನು ತನ್ನ ಗಿರಾಕಿಗಳ ಗುಂಪಿಗೆ ಹಾಕುವನು. ಆ ಗುಂಪಿನೊಳಗಿನ ಒಬ್ಬ ಗೃಹಿಣಿಯು ಅಂಗಡಿಯಿಲ್ಲದೆ, ಬಂಡವಾಳವಿಲ್ಲದೆ, ಮನೆಯಲ್ಲಿಯೇ ಕುಳಿತು ನೂರಿನ್ನೂರು ರೂಪಾಯಿ ಮೇಲೆ ಹಾಕಿ ತನ್ನ ಬಳಗಕ್ಕೆ ದಾಟಿಸುವಳು. ಅವಳ ಬಳಗದಲ್ಲಿ ಇನ್ನೊಬ್ಬಳು ಅದೇ ಕೆಲಸ ಮಾಡುವಳು. ಮೊದಲನೆಯ ಕೈಯಲ್ಲಿ 'ಬನಹಟ್ಟಿ ಕಾಟನ್' ಎಂದಿದ್ದ ಸೀರೆಯು ಎರಡನೆಯ ಕೈಯಲ್ಲಿ 'ಇಳಕಲ್ಲ' ಆಗುವದು, ಮೂರನೆಯದರಲ್ಲಿ 'ಶುದ್ಧ ಕೈಮಗ್ಗದ ಇಳಕಲ್ಲ' ಆಗುವದು, ನಾಲ್ಕನೆಯದರಲ್ಲಿ ಯಾವದೋ ಚೆಂದದ ಇಂಗ್ಲಿಷು ಹೆಸರಿನ ಅಂಗಡಿಯ ಸ್ವಂತ ಸೃಷ್ಟಿಯೇ ಆಗಿಬಿಡುವದು. ಹೊರಸಿನ ಅಂಚನ್ನು ಕತ್ತರಿಸಿ ತೆಗೆದಿರುತ್ತಾರೆ. ಸೀರೆಯು ಯಾರ ಮನೆಯಲ್ಲಿ ಹರವಿದ್ದಿತೆಂಬ ಕಡೆಯ ಗುರುತೂ ಅಳಿಯಿತು.

ಇಲ್ಲಿ ಯಂತ್ರದ ಪಾಲೂ ಸ್ವಲ್ಪವಿದೆ. ಒಬ್ಬರಿಂದ ಒಬ್ಬರಿಗೆ ದಾಟಿಸಿದ ಸಂದೇಶದ ಮೇಲೆ 'ಫಾರ್ವರ್ಡೆಡ್' ಎಂಬ ಗುರುತನ್ನು ವಾಟ್ಸ್ಯಾಪ್ ಸಂಸ್ಥೆಯು 2018ರಿಂದ ತೋರಿಸಹತ್ತಿತು. ಇದು ಬೇರೆ ಕಡೆಯಿಂದ ಬಂದದ್ದೆಂದು ಆ ಗುರುತು ಹೇಳುವದೇ ಹೊರತು ಯಾರಿಂದ ಬಂದದ್ದೆಂದು ಹೇಳುವದಿಲ್ಲ. ಮೊಬೈಲಿನಲ್ಲಿ ತೆಗೆದ ಚಿತ್ರದ ಹೊಟ್ಟೆಯೊಳಗೆ ತೆಗೆದ ದಿನ, ತೆಗೆದ ಸ್ಥಳ ಮುಂತಾದ ವಿವರಗಳು ಅಡಗಿರಬಹುದು. ಸಾಮಾನ್ಯ ಚಿತ್ರವಾಗಿ ವಾಟ್ಸ್ಯಾಪಿನಲ್ಲಿ ಕಳಿಸಿದೊಡನೆ ಅವು ಸಹ ಉದುರಿಹೋಗುವವು. ಜನರ ಖಾಸಗಿ ವಿಷಯಗಳ ರಕ್ಷಣೆಗೆ ಇದು ಒಳ್ಳೆಯದೇ. ಆದರೆ ನೇಕಾರನ ಸೀರೆಗೆ ತಂದೆಯ ಹೆಸರಿಲ್ಲದಂತಾಯಿತು. ದಲಾಲನು ಹೋದನೆಂದು ಹಾಡಿ ಹರಸುವವರು ಲೆಕ್ಕ ಹಾಕಿ ನೋಡಲಿ. ಮೊದಲು ನೇಕಾರನಿಗೂ ಉಡುವವಳಿಗೂ ನಡುವೆ ಇಬ್ಬರೋ ಮೂವರೋ ಇದ್ದರು, ಮತ್ತು ಆ ಇಬ್ಬರು ಮೂವರಿಗೆ ಸೀರೆಯ ಹುಟ್ಟೂರು ಗೊತ್ತಿರುತ್ತಿದ್ದಿತು. ಈಗ ಐದಾರು ಜನರಿರುವರು. ಅವರಲ್ಲಿ ಹೆಚ್ಚಿನವರು ಆ ಸೀರೆಯನ್ನು ಕೈಯಿಂದ ಮುಟ್ಟಿರುವದೂ ಇಲ್ಲ. ದಲಾಲನು ಹೋಗಲಿಲ್ಲ, ಗಾದಿಯಿಂದ ಎದ್ದು ಜೇಬಿನೊಳಗೆ ಕುಳಿತನು.

ಹೆಸರಿಲ್ಲದ ಮಾಲಿಗೆ ಚಿತ್ರವೇ ಹೆಸರಾಗುವದು ಹೊಸ ಸಂಗತಿಯೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಂಚೆಸ್ಟರಿನ ವರ್ತಕರು ಹಿಂದುಸ್ತಾನಕ್ಕೆ ಅರಿವೆಯನ್ನು ಕಳಿಸುವಾಗ ಪ್ರತಿಯೊಂದು ಥಾನಿನ ಮೇಲೆ ಬಣ್ಣಬಣ್ಣದ ಚೀಟಿಯನ್ನು ಅಂಟಿಸುತ್ತಿದ್ದರು. ಅದರ ಮೇಲೆ ಲಕ್ಷ್ಮಿ, ಕೃಷ್ಣ, ಆನೆ, ಹುಲಿ ಮುಂತಾದ ಚಿತ್ರಗಳು. ಓದುಬಾರದ ಗಿರಾಕಿಯು ಚೀಟಿಯನ್ನು ನೋಡಿ ಅರಿವೆಯನ್ನು ಕೊಳ್ಳುತ್ತಿದ್ದನು. ಚೀಟಿಯೊಳಗಿನ ದೇವರಿಗೂ ಥಾನಿನೊಳಗಿನ ನೂಲಿಗೂ ಸಂಬಂಧವಿರಲಿಲ್ಲ. ಥಾನಿನ ಉದ್ದದಲ್ಲಿಯೇ ಮೋಸವಾಗಹತ್ತಿದಾಗ ಸರಕಾರವು 1889ರಲ್ಲಿ ಸರಕಿನ ಗುರುತುಗಳ ಕಾಯಿದೆಯನ್ನು ಮಾಡಿ, ಅರಿವೆಯ ಮೇಲೆ ಗಜದ ಲೆಕ್ಕವನ್ನು ಅಚ್ಚೊತ್ತಬೇಕೆಂದು ವಿಧಿಸಬೇಕಾಯಿತು. ಆಗಿನ ಚೀಟಿಗೂ ಈಗಿನ ಸ್ಟೇಟಸ್ಸಿಗೂ ಇರುವ ಅಂತರವು ಇಷ್ಟೇ: ಅಂದು ಚೀಟಿಯು ಮಾಲಿನ ಮೇಲಾದರೂ ಅಂಟಿಕೊಂಡಿರುತ್ತಿದ್ದಿತು, ಇಂದು ಮಾಲೇ ಇಲ್ಲದೆ ಚೀಟಿಯೊಂದೇ ತಿರುಗಾಡುವದು.

ಇನ್ನು, ಚಿತ್ರವು ಏನನ್ನು ಮರೆಮಾಚುವದೆಂಬದನ್ನು ಸ್ವಲ್ಪ ನಿಂತು ನೋಡತಕ್ಕದ್ದು. ಇಳಕಲ್ಲ ಸೀರೆಯ ನಿಜವಾದ ಲಕ್ಷಣವು ಅದರ ಬಣ್ಣದಲ್ಲಿಲ್ಲ, ದಡಿಯಲ್ಲಿಯೂ ಇಲ್ಲ, ಸೆರಗಿನ ಕೂಡಿಕೆಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯ ಕೊಂಡಿಯನ್ನು ಸೆರಗಿನ ಕೆಂಪು ರೇಷ್ಮೆಯ ಎಳೆಯ ಕೊಂಡಿಯೊಳಗೆ ಸಿಕ್ಕಿಸಿ ಎರಡನ್ನೂ ಒಂದಾಗಿಸುವರು. ತೋಪು ತೆನಿ ಎಂದು ಪ್ರಸಿದ್ಧವಾದ ಕೆಲಸವು ಇದು. ಹೀಗೆ ಮಾಡುವದರಿಂದಲೇ ಸೆರಗಿನ ನೆಲದಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು; ಒಡಲಿನ ಹಸಿರಾಗಲಿ ನೀಲಿಯಾಗಲಿ ಅದರೊಳಗೆ ಹಣಿಕಿ ಹಾಕುವದಿಲ್ಲ. ಆ ಕೆಂಪಿನ ಮೇಲೆ ಬಿಳಿಯ ಹಣಿಗೆ, ಕೋಟೆಯ ತೆನೆ, ಜೋಳದ ತೆನೆಗಳ ಆಕಾರಗಳು ಎದ್ದು ನಿಲ್ಲುವವು. ಒಂದು ಸೀರೆಗೆ ಒಂದು ಹಾಸನ್ನು ಹೂಡಬೇಕಾಗುವದರಿಂದ ದಿನಗಳು ಸವೆಯುವವು. ಮನೆಯ ಹೆಂಗಸರ ಕೈ ಸವೆಯುವದು ಬೇರೆ. ವಿದ್ಯುತ್ ಮಗ್ಗದಲ್ಲಿ ಉದ್ದನೆಯ ಹಾಸು ಒಂದೇ ಸಮನೆ ಓಡುವದರಿಂದ ಈ ಕೂಡಿಕೆಗೆ ಎಡೆಯೇ ಇಲ್ಲ. ಅಲ್ಲಿ ಒಡಲಿನ ಹಾಸಿನ ಮೇಲೆಯೇ ಕೆಂಪು ಹೊಕ್ಕನ್ನು ಹೊಡೆಯುವರು. ಕೈಯಲ್ಲಿ ಹಿಡಿದು ತಿರುವಿ ನೋಡಿದರೆ ಕೂಡಿಕೆಯ ಕೊಂಡಿಗಳು ಇವೆಯೋ ಇಲ್ಲವೋ ತಿಳಿಯುವದು. ಬಿಸಿಲಿಗೆ ಹಿಡಿದರೆ ಸೆರಗಿನೊಳಗೆ ಬೇರೆ ಬಣ್ಣವು ಮಿನುಗುವದೋ ಇಲ್ಲವೋ ಕಾಣುವದು. ನೂಲಿನ ವಿಷಯದಲ್ಲಿ ಸಂಶಯವಿದ್ದರೆ ಒಂದು ಎಳೆಯನ್ನು ಕಿತ್ತು ಬೆಂಕಿಗೆ ಹಿಡಿಯಬೇಕು: ಅರಳೆಯದಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುವದು, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಪಾಲಿಸ್ಟರಾದರೆ ಕರಗಿ ಗಟ್ಟಿ ಮಣಿಯಾಗುವದು. ಇವೆಲ್ಲ ಅಜ್ಜಿಯರಿಗೆ ತಿಳಿದ ಪರೀಕ್ಷೆಗಳು. ಚಿತ್ರವನ್ನು ತಿರುವಿ ನೋಡಲು ಬಾರದು, ಬಿಸಿಲಿಗೆ ಹಿಡಿಯಲು ಬಾರದು, ಬೆಂಕಿಗೆ ಹಿಡಿದರೆ ಮೊಬೈಲು ಸುಟ್ಟೀತು!

ಸರಕಾರವು ಸುಮ್ಮನೆ ಕುಳಿತಿಲ್ಲವೆಂದು ಹೇಳುವವರಿದ್ದಾರೆ. ಸುಮ್ಮನೆ ಕುಳಿತಿಲ್ಲವೆಂಬದು ನಿಜ. ಕೆಲವು ಬಗೆಯ ಅರಿವೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯು 1985ರಲ್ಲಿ ಆಯಿತು. ಅದರಂತೆ ಮೊದಲು 22 ಬಗೆಗಳು ಮೀಸಲಾದವು. 1993ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಎತ್ತಿಹಿಡಿಯಿತು. 1996ರಲ್ಲಿ ಯಾದಿಯು 11ಕ್ಕೆ ಇಳಿಯಿತು. ರೇಷ್ಮೆಗೆ 2004ರಲ್ಲಿ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್, 2015ರ ಆಗಸ್ಟ 7ರಂದು ಇಂಡಿಯಾ ಹ್ಯಾಂಡ್‌ಲೂಮ್ ಎಂಬ ಮುದ್ರೆ ಹೀಗೆ ಒಂದರ ಮೇಲೊಂದು ಬಂದವು. ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಕದ ಮಾನವೂ ದೊರೆತಿರುವದು. ಅಂತರ್ಜಾಲದ ವ್ಯಾಪಾರದಲ್ಲಿ ಮಾರುವವನ ಹೆಸರು ವಿಳಾಸಗಳನ್ನು ತೋರಿಸಬೇಕೆಂದು 2020ರ ನಿಯಮಗಳು ಹೇಳುವವು. ಹಣ ಪಡೆದು ಮಾಲನ್ನು ಹೊಗಳುವವರು ಆ ಸಂಬಂಧವನ್ನು ಮುಚ್ಚಿಡಬಾರದೆಂದು 2022ರಲ್ಲಿ ಕಟ್ಟಳೆಯಾಯಿತು. ಇಷ್ಟೆಲ್ಲ ಇದ್ದೂ ಫಲವು ಕಾಣದಿರುವದಕ್ಕೆ ಕಾರಣವುಂಟು. ಮಗ್ಗದ ಕಾಯಿದೆಯು ಮಗ್ಗದ ಬಳಿಗೆ ಬಂದು ಪರೀಕ್ಷಿಸುವದು, ಮಗ್ಗದಲ್ಲಿ ಹುಸಿಯಿರುವದಿಲ್ಲ. ವಿದ್ಯುತ್ ಮಗ್ಗದಲ್ಲಿ ನೇಯಲು ಅಡ್ಡಿಯಿಲ್ಲದ ಸೀರೆಯನ್ನು ನೇಕಾರನು ಪ್ರಾಮಾಣಿಕವಾಗಿ ನೇಯ್ದಿರುವನು. ಹುಸಿಯು ಹುಟ್ಟುವದು ಚಿತ್ರದ ಕೆಳಗೆ ಬರೆಯುವ ಎರಡು ಸಾಲುಗಳಲ್ಲಿ, ಅದೂ ಮೂರನೆಯ ನಾಲ್ಕನೆಯ ಕೈಯಲ್ಲಿ. ಮನೆಮನೆಯ ಸ್ಟೇಟಸ್ಸನ್ನು ಬಾಗಿಲು ತಟ್ಟಿ ನೋಡುವ ಅಧಿಕಾರಿಯು ಯಾವ ಸರಕಾರದಲ್ಲಿಯೂ ಇರಲಾರನು. ಇರುವದು ಬೇಡವೂ ಬೇಡ.

ಆದರೆ ಪರರ ಹುಸಿಯನ್ನು ಎಣಿಸುವಾಗ ಬನಹಟ್ಟಿಯು ತನ್ನ ಮೌನವನ್ನೂ ಎಣಿಸಬೇಕು. ಈ ಊರಿನಲ್ಲಿಯೂ ಅವಳಿಯೂರಾದ ರಬಕವಿಯಲ್ಲಿಯೂ ಸಾವಿರಗಟ್ಟಲೆ ವಿದ್ಯುತ್ ಮಗ್ಗಗಳು ಓಡುವವು, ಕೈಮಗ್ಗಗಳು ವಿರಳವಾಗಿವೆ. ಅದರಲ್ಲಿ ನಾಚಿಕೆಯ ಮಾತೇನು? ಹೊಲಕ್ಕೆ ಹೋಗುವ, ಸಂತೆಗೆ ಹೋಗುವ, ದಿನಾಲು ಒಗೆದು ಉಡುವ ಹೆಂಗಸಿಗೆ ಹಗುರ ಬೆಲೆಯ, ಬಣ್ಣ ಬಿಡದ, ಬಾಳಿಕೆಯ ಸೀರೆಯನ್ನು ಕೊಡುವದು ಸಣ್ಣ ಕೆಲಸವಲ್ಲ. ತನ್ನ ಮಾಲನ್ನು ಕೈಮಗ್ಗದ್ದೆಂದು ಯಾರೋ ಮಾರಿದಾಗ ನಾಲ್ಕು ಕಾಸು ಹೆಚ್ಚು ಹುಟ್ಟೀತೆಂದು ಊರಿನ ವ್ಯಾಪಾರಸ್ಥರು ಕಣ್ಣು ಮುಚ್ಚಿಕೊಳ್ಳುವದೇ ನಾಚಿಕೆಯ ಮಾತು. ಈ ಕಣ್ಣುಮುಚ್ಚುವಿಕೆಯಿಂದ ಇಬ್ಬರಿಗೆ ಹಾನಿ. ಒಂದು ಸೀರೆಗಾಗಿ ದಿನಗಟ್ಟಲೆ ಕುಣಿಯಲ್ಲಿ ಕಾಲಿಟ್ಟು ಕೂಡುವ ಕೈಮಗ್ಗದವನಿಗೆ ತನ್ನ ಬೆಲೆಯನ್ನು ಕೇಳುವ ಬಾಯಿಯೇ ಇಲ್ಲದಾಗುವದು. 'ಇದೇ ಸೀರೆಯು ಮೊಬೈಲಿನಲ್ಲಿ ಅರ್ಧ ಬೆಲೆಗೆ ಬರುವದಲ್ಲ' ಎಂದು ಗಿರಾಕಿಯು ಕೇಳಿದರೆ ಅವನು ಏನು ಉತ್ತರ ಕೊಟ್ಟಾನು? ಎರಡನೆಯ ಹಾನಿಯು ಬನಹಟ್ಟಿಗೇ. ಮೋಸಹೋದ ಗಿರಾಕಿಯು ಇಳಕಲ್ಲನ್ನು ಬಯ್ಯುವಳು. ಮೆಚ್ಚಿದ ಗಿರಾಕಿಯು ಇಂಗ್ಲಿಷು ಹೆಸರಿನ ಅಂಗಡಿಯನ್ನು ಹೊಗಳುವಳು. ಹೊಗಳಿಕೆಯಾಗಲಿ ಬಯ್ಗಳಾಗಲಿ ಬನಹಟ್ಟಿಯ ಬಾಗಿಲಿಗೆ ಬರುವದೇ ಇಲ್ಲ. ಬಯ್ಗಳೂ ಬಾರದ ಮನೆಗೆ ಹೆಸರಿರುವದೆಂದು ಯಾರು ಹೇಳುವರು?

ಮೊಬೈಲು ನೇಕಾರನ ದಿನಚರಿಯೊಳಗೂ ಕೈಯಿಕ್ಕಿದೆ. ಮಗ್ಗದ ಪಕ್ಕದ ಗೂಡಿನಲ್ಲಿ ಅದು ನಿಂತಿರುವದು, ರೀಲುಗಳು ಓಡುತ್ತಿರುವವು. ಇತ್ತ ಹಾಸಿನ ಎಳೆಯೊಂದು ಹರಿದು, ಅದನ್ನು ನೋಡುವಷ್ಟರಲ್ಲಿ ಗೇಣುದ್ದ ಅರಿವೆಯು ಕೆಟ್ಟಿರುವದು. ಇದು ಚಿಕ್ಕ ಹಾನಿ, ಬೈದರೆ ತಿದ್ದುವಂಥದು. ದೊಡ್ಡ ಹಾನಿಯು ಕಾಲಮಾನದ್ದು. ಜಾಲತಾಣದ ಬೆಡಗಿಗೆ ವಾರದ ಆಯುಷ್ಯ. ಈ ವಾರ ಯಾವಳೋ ನಟಿಯು ಉಟ್ಟ ಬಣ್ಣವೇ ಎಲ್ಲರಿಗೂ ಬೇಕು, ಮುಂದಿನ ವಾರ ಅದು ಹಳೆಯದು. ಮಗ್ಗದ ಹಾಸಿಗೆ ಆ ಚುರುಕು ಇಲ್ಲ. ನೂಲು ತರಬೇಕು, ಬಣ್ಣ ಹಾಕಿಸಬೇಕು, ಹಾಸು ಹೂಡಬೇಕು. ಒಮ್ಮೆ ಹೂಡಿದ ಮೇಲೆ ಅಷ್ಟೂ ಸೀರೆಗಳು ಅದೇ ಬಣ್ಣದಲ್ಲಿ ಇಳಿಯಲೇಬೇಕು. ಕೊನೆಯ ಸೀರೆಯು ಇಳಿಯುವ ಹೊತ್ತಿಗೆ ಗಿರಾಕಿಯ ಬೆರಳು ಮುಂದಿನ ಚಿತ್ರಕ್ಕೆ ಸರಿದಿರುವದು. ಮಾಲು ಉಳಿದರೆ ಉಳಿಯುವದು ನೇಕಾರನ ಮನೆಯಲ್ಲಿ. ಚಿತ್ರವನ್ನು ದಾಟಿಸಿದವಳು ಮತ್ತೊಂದು ಚಿತ್ರವನ್ನು ದಾಟಿಸಿದರಾಯಿತು. ಲಾಭವು ಹಂಚಿಹೋಯಿತು, ನಷ್ಟವು ಮಾತ್ರ ಹಂಚಿಹೋಗಲಿಲ್ಲ. ಇದನ್ನೇ ಬಿಡುಗಡೆಯೆಂದು ಕರೆಯುವರು!

ಇದಕ್ಕಿಂತಲೂ ಕಡಿಮೆ ಜನರಿಗೆ ತಿಳಿದಿರುವ ಸಂಗತಿಯೊಂದಿದೆ. ಹೊಸ ದಡಿಯನ್ನೋ ಸೆರಗಿನ ಹೊಸ ಚಿತ್ತಾರವನ್ನೋ ಕಲ್ಪಿಸಿದವನು 2000ದ ವಿನ್ಯಾಸ ಕಾಯಿದೆಯಂತೆ ಅದನ್ನು ದಾಖಲೆ ಮಾಡಿಸಿಕೊಳ್ಳಬಹುದು. ಮಾಡಿಸಿದರೆ ಹತ್ತು ವರ್ಷಗಳ ವರೆಗೆ, ಮುಂದೆ ಬೇಡಿಕೊಂಡರೆ ಇನ್ನೂ ಐದು ವರ್ಷಗಳ ವರೆಗೆ ಅದರ ಹಕ್ಕು ಅವನದು. ಆದರೆ ಅರ್ಜಿ ಕೊಡುವ ಮೊದಲೇ ವಿನ್ಯಾಸವು ಲೋಕಕ್ಕೆ ಪ್ರಕಟವಾಗಿದ್ದರೆ ದಾಖಲೆಗೆ ಅವಕಾಶವಿಲ್ಲ. ಬನಹಟ್ಟಿಯ ಯುವಕನು ಮಾಡುವದೇನು? ಮಗ್ಗದಿಂದ ಮೊದಲ ಸೀರೆಯು ಇಳಿಯುವದೇ ತಡ, ಹಿಗ್ಗಿನಿಂದ ಚಿತ್ರ ತೆಗೆದು ಇನ್‌ಸ್ಟಾಗ್ರಾಮಿನಲ್ಲಿ ಹಾಕುವನು. ಹತ್ತಾರು ಜನರು ಹೃದಯದ ಗುರುತನ್ನು ಒತ್ತುವರು. ಅಷ್ಟರಿಂದಲೇ ಅವನ ಹಕ್ಕಿಗೆ ಕುತ್ತು ಬಂದಿತು. ಸೂರತ್ತಿನ ಅಚ್ಚಿನ ಕಾರಖಾನೆಯಲ್ಲಿ ಅದೇ ಚಿತ್ತಾರವನ್ನು ಪಾಲಿಸ್ಟರಿನ ಮೇಲೆ ಒತ್ತಿ ಮಾರಿದರೆ ಅವನು ಯಾವ ಕಾಗದವನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಬೇಕು? ತನ್ನ ಕೈಯಿಂದಲೇ ಬೀಗ ತೆಗೆದವನಿಗೆ ಕಳವಿನ ಫಿರ್ಯಾದಿ ಹೇಗೆ ಒದಗೀತು?

ನೇಕಾರರ ಕುಲಕ್ಕೆ ಹಿರಿಯನಾದ ಜೇಡರ ದಾಸಿಮಯ್ಯನನ್ನು ಬನಹಟ್ಟಿಯ ನೇಕಾರರು ಮರೆತಿಲ್ಲ. ಆದರೆ ಅವನಿಂದ ಕಲಿಯತಕ್ಕ ಒಂದು ವ್ಯವಹಾರವನ್ನು ಮರೆತಿದ್ದಾರೆ. ಮುದನೂರಿನ ಆ ನೇಕಾರನು ನುಡಿದ ವಚನಗಳ ಕೊನೆಯಲ್ಲಿ ರಾಮನಾಥನ ಅಂಕಿತವಿರುವದು. ವಚನಗಳು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ದಾಟಿದವು. ಅಂದಿನ ಫಾರ್ವರ್ಡು ಅದೇ. ದಾಟಿಸಿದವರು ಎಷ್ಟೋ ಜನ, ಅವರ ಹೆಸರುಗಳು ಅಳಿದವು. ನುಡಿದವನ ಗುರುತು ಅಳಿಯಲಿಲ್ಲ. ಯಾಕಂದರೆ ಅಂಕಿತವು ವಚನದ ಮೇಲೆ ಅಂಟಿಸಿದ ಚೀಟಿಯಾಗಿರಲಿಲ್ಲ, ವಚನದೊಳಗೇ ನೇಯ್ದದ್ದಾಗಿದ್ದಿತು. ಅದನ್ನು ತೆಗೆದರೆ ವಚನವೇ ಹರಿಯುವದು.

ಬನಹಟ್ಟಿಯ ಸೀರೆಗೆ ಬೇಕಾದುದು ಅಂಥ ಅಂಕಿತ. ಚಿತ್ರದ ಕೆಳಗಿನ ಬರಹವನ್ನು ಅಳಿಸಬಹುದು, ಚೀಟಿಯನ್ನು ಕಿತ್ತು ಬೇರೆ ಸೀರೆಗೆ ಅಂಟಿಸಬಹುದು. ಸೆರಗಿನ ಕೊನೆಯಲ್ಲಿ ಹೊಕ್ಕಿನ ಎಳೆಗಳಿಂದಲೇ ನೇಯ್ದ ಅಕ್ಷರಗಳನ್ನು ಅಷ್ಟು ಸುಲಭವಾಗಿ ಅಳಿಸಲಾಗದು. ಇದು ಆಕಾಶದ ಹೂವೂ ಅಲ್ಲ. ಸೂಟಿನ ಅರಿವೆಯನ್ನು ಮಾಡುವ ದೊಡ್ಡ ಗಿರಣಿಗಳು ತಮ್ಮ ಹೆಸರನ್ನು ಅರಿವೆಯ ಅಂಚಿನಲ್ಲಿಯೇ ನೇಯುವವು; ದರ್ಜಿಯ ಅಂಗಡಿಯಲ್ಲಿ ಯಾರಾದರೂ ಅದನ್ನು ನೋಡಿರಬಹುದು. ಹೂಬಳ್ಳಿಗಳನ್ನು ನೇಯಬಲ್ಲ ಜಕಾರ್ಡಿನ ಮಗ್ಗಕ್ಕೆ 'ಬನಹಟ್ಟಿ' ಎಂಬ ನಾಲ್ಕಕ್ಷರಗಳು ಭಾರವಲ್ಲ. ಕೈಮಗ್ಗದ್ದಾದರೆ ಕೈಮಗ್ಗವೆಂದು, ವಿದ್ಯುತ್ ಮಗ್ಗದ್ದಾದರೆ ವಿದ್ಯುತ್ ಮಗ್ಗವೆಂದು ಪಕ್ಕದಲ್ಲಿ ನೇಯಬೇಕು. ಎರಡನೆಯದನ್ನು ನೇಯಲು ಎದೆ ಬೇಕು. ಆದರೆ ಅದನ್ನು ನೇಯ್ದ ದಿನವೇ ಮೊದಲನೆಯದಕ್ಕೆ ಬೆಲೆ ಬರುವದು. ಆ ಮೇಲೆ ಚಿತ್ರವು ಎಷ್ಟು ಕೈ ದಾಟಿದರೂ ದಾಟಲಿ. ಯಾರಾದರೂ ಸೆರಗಿನ ತುದಿಯನ್ನು ಕತ್ತರಿಸಿ ಚಿತ್ರವನ್ನು ಹಾಕಿದರೆ, ಸೀರೆಯು ಮನೆಗೆ ಬಂದ ದಿನ ಉಡುವವಳು ತಾನೇ ಓದಿಕೊಳ್ಳುವಳು. ಅದೇ ಮೊಬೈಲಿನಲ್ಲಿ ಊರಿನ ಹೆಸರನ್ನು ಹುಡುಕುವಳು. ಆಗ ಈ ಯಂತ್ರವು ನೇಕಾರನ ಕೆಲಸಕ್ಕೆ ಬಂದಂತಾಯಿತು.

ಇದಕ್ಕೆ ಆಕ್ಷೇಪವು ಸಿದ್ಧವಾಗಿಯೇ ಇದೆ. ಊರ ಹೆಸರು ನೇಯ್ದ ಸೀರೆಯನ್ನು ಹೊರಗಿನ ವ್ಯಾಪಾರಿಯು ಕೊಳ್ಳಲಾರನು. ಹೆಸರು ತಿಳಿದರೆ ಗಿರಾಕಿಯು ನೇರವಾಗಿ ಬನಹಟ್ಟಿಗೆ ಹೋದಾನೆಂಬ ಅಂಜಿಕೆಯಿಂದ ಹೆಸರಿಲ್ಲದ ಮಾಲನ್ನೇ ಬೇಡುವನು. ಒಬ್ಬ ಮಾಲಕನು ಹೆಸರು ನೇಯ್ದರೆ ಪಕ್ಕದ ಮನೆಯವನು ಹೆಸರಿಲ್ಲದ ಸೀರೆಯನ್ನು ಎರಡು ರೂಪಾಯಿ ಕಡಿಮೆಗೆ ಕೊಟ್ಟು ಗಿರಾಕಿಯನ್ನು ಸೆಳೆಯುವನು ಎಂದು ಅನುಭವಸ್ಥರು ಹೇಳುವರು. ಆಕ್ಷೇಪವು ನಿಜವೇ. ಆದರೆ ಅದರೊಳಗೆ ಏನನ್ನು ಒಪ್ಪಿಕೊಂಡಂತಾಯಿತೆಂಬದನ್ನು ನೋಡಬೇಕು. ಮೊಬೈಲಿನಿಂದ ನೇಕಾರನು ಗಿರಾಕಿಗೆ ನೇರವಾಗಿ ಮುಟ್ಟಿದನೆಂದು ಸಭೆಯಲ್ಲಿ ಹೇಳಿದವರೇ, ಗಿರಾಕಿಗೆ ನೇಕಾರನ ಊರು ತಿಳಿದರೆ ವ್ಯಾಪಾರ ಕೆಡುವದೆಂದು ಮನೆಯಲ್ಲಿ ಹೇಳುತ್ತಿರುವರು. ಎರಡೂ ಮಾತುಗಳು ಒಟ್ಟಿಗೆ ನಿಜವಾಗಲಾರವು. ಒಬ್ಬೊಬ್ಬರು ಬೇರೆ ಬೇರೆಯಾಗಿ ಇದನ್ನು ಮಾಡಿದರೆ ಪಕ್ಕದ ಮನೆಯ ಎರಡು ರೂಪಾಯಿ ಅವರನ್ನು ಕೆಡವುವದು ಖಂಡಿತ; ಸಹಕಾರಿ ಸಂಘಗಳೂ ಮಾಲಕರ ಸಂಘಗಳೂ ಕೂಡಿ, ಒಂದು ದಿನವನ್ನು ಗೊತ್ತುಮಾಡಿ, ಆ ದಿನದಿಂದ ಮಗ್ಗದಿಂದಿಳಿಯುವ ಎಲ್ಲ ಸೀರೆಗಳಿಗೂ ಹೆಸರು ನೇಯುವದೆಂದು ನಿಶ್ಚಯಿಸಬೇಕಾಗುವದು. ದಿನವು ಕಾಡಸಿದ್ಧೇಶ್ವರನ ಜಾತ್ರೆಯದಾದರೂ ಆಗಲಿ, ದೀಪಾವಳಿಯದಾದರೂ ಆಗಲಿ. ಅಕ್ಷರದ ಆಕಾರವು ಹೇಗಿರಬೇಕು, ಎಷ್ಟು ಬೆರಳಿನ ಅಗಲವಿರಬೇಕು ಎಂಬದನ್ನು ಮಾತ್ರ ಮೊದಲು ಕಾಗದದ ಮೇಲೆ ಬರೆಯಿಸಿ, ದಾಖಲೆಗೆ ಅರ್ಜಿ ಕೊಟ್ಟ ಮೇಲೆಯೇ ಅದರ ಚಿತ್ರವನ್ನು ಸ್ಟೇಟಸ್ಸಿಗೆ ಹಾಕತಕ್ಕದ್ದು.